‘ಡೋಂಟ್ ಕೇರ್’ – ಒಂದೇ ಮಾತು, ಎರಡು ಮುಖ
(ಸಂಘದ ಸಭೆಗೆ ಇಂಗ್ಲಿಷ್ ಪಾಠ)



ಈ ಸಲದ ಪಾಠಕ್ಕೆ ನಿಮಗೆಲ್ಲ ಗೊತ್ತಿರುವ ಒಂದು ಇಂಗ್ಲಿಷ್ ಮಾತನ್ನೇ ತೆಗೆದುಕೊಂಡಿದ್ದೇವೆ. ಅದು ‘ಡೋಂಟ್ ಕೇರ್’. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ “ಅವನು ಯಾರನ್ನೂ ಕೇರ್ ಮಾಡಾಕಿಲ್ಲ ಕಣವ್ವ” ಅನ್ನುತ್ತಾರೆ. ಹೊಲದಲ್ಲಿ, ಬಸ್ಸಿನಲ್ಲಿ, ನಲ್ಲಿ ಹತ್ತಿರ, ಪಂಚಾಯ್ತಿ ಕಟ್ಟೆಯಲ್ಲಿ ಈ ಮಾತು ಓಡಾಡುತ್ತಲೇ ಇರುತ್ತದೆ. ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುವ ಮಕ್ಕಳ ಬಾಯಲ್ಲಂತೂ ದಿನಕ್ಕೆ ಹತ್ತು ಸಲ ಬರುತ್ತದೆ.

ಹೀಗೆ ಗೊತ್ತಿರುವ ಮಾತಿಗೆ ಪಾಠ ಯಾಕೆ ಬೇಕು? ಎರಡು ಕಾರಣ ಇವೆ. ಒಂದು, ನಾವು ಕನ್ನಡದಲ್ಲಿ ಬಳಸುವ ‘ಕೇರ್’ಗೂ ಇಂಗ್ಲಿಷಿನವರು ಬಳಸುವ ‘ಕೇರ್’ಗೂ ಅರ್ಥದಲ್ಲಿ ವ್ಯತ್ಯಾಸ ಇದೆ. ಗೊತ್ತಿಲ್ಲದೆ ಬಳಸಿದರೆ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಎದುರಿನವರಿಗೆ ಬೇಸರ ಆಗಬಹುದು. ಎರಡನೆಯದು ಇನ್ನೂ ಮುಖ್ಯ. ಈ ಮಾತು ಕೆಲವು ಸಲ ಹೆಣ್ಣುಮಕ್ಕಳಿಗೆ ಧೈರ್ಯ ಕೊಡುತ್ತದೆ, ಕೆಲವು ಸಲ ಊರನ್ನೇ ಹಾಳು ಮಾಡುತ್ತದೆ. ಯಾವಾಗ ಯಾವುದು ಎಂದು ತಿಳಿಯುವುದೇ ಈ ಪಾಠದ ಉದ್ದೇಶ.

ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಓದು ಬಲ್ಲ ಒಬ್ಬರು ಇದನ್ನು ಗಟ್ಟಿಯಾಗಿ ಓದಲಿ. ಉದಾಹರಣೆ ವಾಕ್ಯಗಳನ್ನು ಉಳಿದವರು ಎರಡೆರಡು ಸಲ ಹೇಳಲಿ. ಉಚ್ಚಾರ ತಪ್ಪಿದರೆ ನಾಚಿಕೆ ಬೇಡ.

1. ‘ಕೇರ್’ ಎಂದರೆ ಏನು?

ಇಂಗ್ಲಿಷಿನ ‘ಕೇರ್’ ಬಹಳ ಹಳೆಯ ಪದ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದರ ರೂಪ ‘ಕಾರು’ ಎಂದಿತ್ತು. ಅದರ ಅರ್ಥ ದುಃಖ, ಚಿಂತೆ, ಮನಸ್ಸಿನ ಭಾರ. ಅಂದರೆ ಇನ್ನೊಬ್ಬರ ಕಷ್ಟ ಕಂಡು ನಮ್ಮ ಕರುಳು ಚುರುಕ್ ಅನ್ನುವುದಿದೆಯಲ್ಲ, ಅದೇ ಮೂಲದ ‘ಕೇರ್’. ಆ ಚಿಂತೆಯಿಂದಲೇ ನೋಡಿಕೊಳ್ಳುವುದು, ಆರೈಕೆ ಮಾಡುವುದು, ಕಾಳಜಿ ವಹಿಸುವುದು ಎಂಬ ಅರ್ಥಗಳು ಬೆಳೆದವು. ಆಸ್ಪತ್ರೆಯ ಬೋರ್ಡಿನಲ್ಲಿ ‘ಇಂಟೆನ್ಸಿವ್ ಕೇರ್’ ಎಂದು ಇರುತ್ತದೆ. ಅಂದರೆ ತೀವ್ರ ಆರೈಕೆ. ಕಾಗದದ ವಿಳಾಸದಲ್ಲಿ ನಾವು ಬರೆಯುವ ‘ಕೇರ್ ಆಫ್’ ಅಂದರೆ ಇಂಥವರ ಜವಾಬ್ದಾರಿಯಲ್ಲಿ, ಇಂಥವರ ಮೂಲಕ ಎಂದು.

ಹಾಗಾದರೆ ‘ಐ ಡೋಂಟ್ ಕೇರ್’ ಅಂದರೆ “ನನಗೆ ಅದರ ಚಿಂತೆ ಇಲ್ಲ, ಅದು ಏನಾದರೂ ನನ್ನ ಮನಸ್ಸಿಗೆ ತಟ್ಟುವುದಿಲ್ಲ” ಎಂದಾಯಿತು. ಮಂಡ್ಯದ ಮಾತಿನಲ್ಲಿ ಹೇಳುವುದಾದರೆ, “ಏನಾರ ಆಗ್ಲಿ ಬುಡತ್ಲಾಗೆ, ನಂಗೇನು?”

ನಮ್ಮ ಕನ್ನಡದಲ್ಲಿ ಈ ಪದ ಸ್ವಲ್ಪ ದಾರಿ ಬದಲಿಸಿದೆ. “ನನ್ನ ಸೊಸೆ ನನ್ನ ಕೇರ್ ಮಾಡಲ್ಲ” ಎಂದು ಅತ್ತೆ ಹೇಳಿದರೆ, ಸೊಸೆ ಮರ್ಯಾದೆ ಕೊಡುವುದಿಲ್ಲ, ಹೆದರುವುದಿಲ್ಲ, ಮಾತು ಕೇಳುವುದಿಲ್ಲ ಎಂದರ್ಥ. ಅದೇ ಮಾತನ್ನು ಇಂಗ್ಲಿಷಿನಲ್ಲಿ ‘ಷಿ ಡಸಂಟ್ ಕೇರ್ ಅಬೌಟ್ ಮಿ’ ಎಂದರೆ, ಸೊಸೆಗೆ ನನ್ನ ಮೇಲೆ ಪ್ರೀತಿಯೇ ಇಲ್ಲ, ನಾನು ಬದುಕಿದರೂ ಒಂದೇ ಸತ್ತರೂ ಒಂದೇ ಎಂದಾಗುತ್ತದೆ. ಕನ್ನಡದ ‘ಕೇರ್’ನಲ್ಲಿ ಭಯ ಮತ್ತು ಮರ್ಯಾದೆ ಹೆಚ್ಚು, ಇಂಗ್ಲಿಷಿನ ‘ಕೇರ್’ನಲ್ಲಿ ಕಾಳಜಿ ಹೆಚ್ಚು. ಈ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. “ಎಷ್ಟು ಕೂಗಿದ್ರೂ ಕ್ಯಾರೇ ಅನ್ನಲಿಲ್ಲ” ಎನ್ನುತ್ತೇವಲ್ಲ, ಆ ‘ಕ್ಯಾರೇ’ ಇಂಗ್ಲಿಷಿನದಲ್ಲ. ಅದು ಹಿಂದೂಸ್ತಾನಿಯ ‘ಕ್ಯಾ ರೇ’, ಅಂದರೆ ‘ಏನೋ’ ಎಂಬ ಮಾತು. ಕೂಗಿದರೆ ‘ಏನೋ’ ಎಂದು ಕೂಡ ಅನ್ನಲಿಲ್ಲ ಎಂಬುದು ಅದರ ಅರ್ಥ. ಎರಡು ಭಾಷೆಯಿಂದ ಬಂದ ಎರಡು ಪದ ನಮ್ಮಲ್ಲಿ ಅಕ್ಕತಂಗಿಯರ ಹಾಗೆ ಸೇರಿಕೊಂಡಿವೆ.

2. ವಾಕ್ಯ ಮಾಡುವ ಬಗೆ

ಯಾರು ಎಂಬುದನ್ನು ನೋಡಿಕೊಂಡು ಮಾತು ಸ್ವಲ್ಪ ಬದಲಾಗುತ್ತದೆ.

ನಾನು, ನಾವು, ನೀವು, ಅವರು – ‘ಡೋಂಟ್ ಕೇರ್’
ಅವನು, ಅವಳು, ಅದು – ‘ಡಸಂಟ್ ಕೇರ್’
ಆಗಿಹೋದ ವಿಷಯಕ್ಕೆ, ಯಾರೇ ಆಗಲಿ – ‘ಡಿಡಂಟ್ ಕೇರ್’

ಯಾವ ವಿಷಯದ ಚಿಂತೆ ಇಲ್ಲ ಎಂದು ಹೇಳಬೇಕಾದರೆ ಎರಡು ದಾರಿ ಇವೆ.

ಮೊದಲ ದಾರಿ: ‘ಅಬೌಟ್’ ಸೇರಿಸಿ ಒಂದು ಹೆಸರು ಹೇಳುವುದು.

‘ಹಿ ಡಸಂಟ್ ಕೇರ್ ಅಬೌಟ್ ಹಿಸ್ ಹೆಲ್ತ್.’ – ಅವನಿಗೆ ತನ್ನ ಆರೋಗ್ಯದ ಚಿಂತೆ ಇಲ್ಲ.
‘ವಿ ಡೋಂಟ್ ಕೇರ್ ಅಬೌಟ್ ಗಾಸಿಪ್.’ – ಊರಿನ ಚಾಡಿ ಮಾತು ನಮಗೆ ಲೆಕ್ಕಕ್ಕಿಲ್ಲ.
‘ದೇ ಡಿಡಂಟ್ ಕೇರ್ ಅಬೌಟ್ ದ ರೇನ್.’ – ಅವರು ಮಳೆಯನ್ನೂ ಲೆಕ್ಕಿಸಲಿಲ್ಲ.

ಎರಡನೆಯ ದಾರಿ: ‘ವಾಟ್’, ‘ಹೂ’, ‘ಹೌ’ ಸೇರಿಸಿ ಒಂದು ಪೂರ್ತಿ ಮಾತು ಹೇಳುವುದು.

‘ಐ ಡೋಂಟ್ ಕೇರ್ ವಾಟ್ ಪೀಪಲ್ ಸೇ.’ – ಜನ ಏನಂದರೂ ಅಂದುಕೊಳ್ಳಲಿ.
‘ಷಿ ಡಸಂಟ್ ಕೇರ್ ಹೂ ಕಮ್ಸ್ ಫಸ್ಟ್.’ – ಯಾರು ಮೊದಲು ಬಂದರೂ ಅವಳಿಗೆ ಒಂದೇ.
‘ಐ ಡೋಂಟ್ ಕೇರ್ ಹೌ ಫಾರ್ ಇಟ್ ಈಸ್.’ – ಎಷ್ಟು ದೂರ ಆದರೂ ಚಿಂತೆಯಿಲ್ಲ.

ಪ್ರಶ್ನೆ ಕೇಳಬೇಕಾದರೆ: ‘ಡು ಯು ಕೇರ್?’ – ನಿಮಗೆ ಅದರ ಕಾಳಜಿ ಇದೆಯೇ?
ಉತ್ತರ: ‘ಯೆಸ್, ಐ ಕೇರ್.’ – ಹೌದು, ನನಗೆ ಕಾಳಜಿ ಇದೆ.

ಈ ಕೊನೆಯ ಎರಡು ವಾಕ್ಯಗಳನ್ನು ಎಲ್ಲರೂ ಬಾಯಿಪಾಠ ಮಾಡಿ. ‘ಡೋಂಟ್ ಕೇರ್’ ನಮಗೆಲ್ಲ ಬರುತ್ತದೆ, ‘ಐ ಕೇರ್’ ಎಂಬುದನ್ನು ಮಾತ್ರ ನಾವು ಕಲಿತೇ ಇಲ್ಲ.

ಕನ್ನಡದಲ್ಲಿ ಹೇಳುವಾಗ ಒಂದು ಎಚ್ಚರ. “ಜನ ಆಡ್ಕೊಂಡ್ರೆ ಕೇರ್ ಮಾಡ್ಬೇಡ” ಅಂದರೆ ಲೆಕ್ಕಿಸಬೇಡ ಎಂದರ್ಥ. “ಮಗೀಗೆ ಜ್ವರ ಬಂದದೆ, ಡೋಂಟ್ ಕೇರ್ ಮಾಡ್ಬೇಡ” ಅಂದರೆ ಅಸಡ್ಡೆ ಮಾಡಬೇಡ ಎಂದರ್ಥ. ಒಂದು ‘ಡೋಂಟ್’ ಸೇರಿದ್ದಕ್ಕೆ ಅರ್ಥ ಪೂರ್ತಿ ತಿರುಗಿತು. ಮಾತ್ರೆ, ಚುಚ್ಚುಮದ್ದು, ಹಣದ ವಿಷಯ ಬಂದಾಗ ಇಂಥ ಮಾತು ಬಿಟ್ಟು “ಅಸಡ್ಡೆ ಮಾಡ್ಬೇಡ” ಎಂದೇ ಹೇಳುವುದು ಒಳ್ಳೆಯದು.

3. ಇನ್ನೂ ಖಾರದ ಮಾತುಗಳು

‘ಐ ಕುಡಂಟ್ ಕೇರ್ ಲೆಸ್.’ ಇದು ‘ಡೋಂಟ್ ಕೇರ್’ಗಿಂತ ಖಾರ. ‘ಲೆಸ್’ ಅಂದರೆ ಕಡಿಮೆ. ‘ಕುಡಂಟ್’ ಅಂದರೆ ಆಗುವುದೇ ಇಲ್ಲ. ಇದಕ್ಕಿಂತ ಕಡಿಮೆ ಕಾಳಜಿ ಮಾಡಲು ನನ್ನಿಂದ ಆಗುವುದೇ ಇಲ್ಲ ಎಂದು ಅರ್ಥ. ರಾಗಿ ಡಬ್ಬಿಯ ತಳ ಕಂಡ ಮೇಲೆ ಇನ್ನೂ ಸ್ವಲ್ಪ ತೆಗೆ ಅಂದರೆ ಏನು ತೆಗೆಯುವುದು? ಹಾಗೆಯೇ ಇಲ್ಲಿ ಕಾಳಜಿಯ ಡಬ್ಬಿ ಪೂರ್ತಿ ಖಾಲಿ. ಅಮೆರಿಕದಲ್ಲಿ ಕೆಲವರು ‘ಕುಡ್ ಕೇರ್ ಲೆಸ್’ ಎಂದೂ ಹೇಳುತ್ತಾರೆ. ಪದ ನೋಡಿದರೆ ಅರ್ಥ ಉಲ್ಟಾ ಆಗಬೇಕು, ಆದರೆ ಅವರು ಹೇಳುವುದು ಇದನ್ನೇ. ಟಿವಿಯಲ್ಲಿ ಕೇಳಿದರೆ ಗೊಂದಲ ಬೇಡ.

‘ಹೂ ಕೇರ್ಸ್?’ – ಯಾರಿಗೆ ಬೇಕು? ಯಾರಿಗೇನು? ಇದು ಪ್ರಶ್ನೆಯಂತೆ ಕಂಡರೂ ಉತ್ತರ ಕೇಳುವುದಿಲ್ಲ. ‘ಯಾರಿಗೂ ಬೇಡ’ ಎಂದೇ ಅರ್ಥ.

‘ಸೋ ವಾಟ್?’ – ಆದರೇನೀಗ?

‘ಇಟ್ ಮೇಕ್ಸ್ ನೋ ಡಿಫರೆನ್ಸ್ ಟು ಮಿ.’ – ನನಗೆ ಎರಡೂ ಒಂದೇ. “ರಾಮ ರಾಜ್ಯ ಆಳಿದ್ರೂ ರಾಗಿ ಬೀಸೋದು ತಪ್ಪಲಿಲ್ಲ” ಎಂಬ ನಮ್ಮ ಗಾದೆಯ ಭಾವ ಇದೇ. ಬೀಸುವ ಕಲ್ಲಿನ ಮುಂದೆ ಕೂತು ಸುಸ್ತಾದ ಹೆಣ್ಣುಮಗಳ ಮಾತು ಅದು. ಅವಳಿಗೆ ಕಾಳಜಿ ಇರಲಿಲ್ಲ ಎಂದಲ್ಲ, ಅವಳನ್ನು ಯಾರೂ ಕೇಳಲಿಲ್ಲ. ಈಗ ಕಾಲ ಬೇರೆ. ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಪ್ರತಿಯೊಬ್ಬ ಮತದಾರಳಿಗೂ ಇದೆ. ಈಗಲೂ ‘ಯಾರು ಬಂದ್ರೂ ಅಷ್ಟೇ’ ಎಂದು ಮನೆಯಲ್ಲೇ ಕೂತರೆ ಹೇಗೆ?

ಈ ಖಾರದ ಮಾತುಗಳನ್ನು ಅರ್ಥ ಮಾಡಿಕೊಳ್ಳಲು ಕಲಿಯಿರಿ. ಹಿರಿಯರ ಮುಂದೆ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಬಳಸಬೇಡಿ.

4. ಗೊಂದಲ ಮಾಡುವ ನೆರೆಯ ಮಾತುಗಳು

‘ಡೋಂಟ್ ಮೈಂಡ್’: ಬ್ಯಾಂಕಿನ ಮ್ಯಾನೇಜರ್ “ಟೀನಾ, ಕಾಫೀನಾ?” ಎಂದು ಕೇಳಿದರೆ ನಾವು ‘ಯಾವುದಾದರೂ ಸರಿ ಸಾರ್’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಐ ಡೋಂಟ್ ಕೇರ್’ ಎಂದುಬಿಟ್ಟರೆ ‘ನಿನ್ನ ಕಾಫಿ ಯಾರಿಗೆ ಬೇಕು’ ಎಂದ ಹಾಗೆ ಒರಟಾಗಿ ಕೇಳಿಸುತ್ತದೆ. ಅಲ್ಲಿ ಹೇಳಬೇಕಾದ್ದು ‘ಐ ಡೋಂಟ್ ಮೈಂಡ್’. ಅಂದರೆ ನನ್ನ ಅಡ್ಡಿ ಇಲ್ಲ, ಯಾವುದಾದರೂ ಸರಿ. ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗೋಣವೇ, ರೈಲಿನಲ್ಲಿ ಹೋಗೋಣವೇ ಎಂದು ಕೇಳಿದರೂ ಇದೇ ಉತ್ತರ.

‘ನೆವರ್ ಮೈಂಡ್’: ಯಾರಾದರೂ ಕಾಲು ತುಳಿದು ‘ಸಾರಿ’ ಅಂದರೆ ‘ನೆವರ್ ಮೈಂಡ್’ ಅನ್ನಬಹುದು. ಪರವಾಗಿಲ್ಲ ಬಿಡಿ ಎಂದರ್ಥ.

‘ಕೇರ್‌ಲೆಸ್’: ಇದು ಅಜಾಗರೂಕತೆ. ‘ಡೋಂಟ್ ಕೇರ್’ ಅಂದವರಿಗೆ ಮನಸ್ಸೇ ಇಲ್ಲ. ‘ಕೇರ್‌ಲೆಸ್’ ಆದವರಿಗೆ ಮನಸ್ಸಿದೆ, ಗಮನ ಇಲ್ಲ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ತಟ್ಟೆ ಶುಚಿ ಮಾಡಲು ಮರೆತವಳು ‘ಕೇರ್‌ಲೆಸ್’. ಹುಳುವಿಗೆ ರೋಗ ತಗುಲಿದ್ದು ಕಂಡೂ ‘ಸತ್ರೆ ಸಾಯ್ಲಿ’ ಎಂದು ಮಲಗಿದವಳು ‘ಡೋಂಟ್ ಕೇರ್’. ಪಾಸ್‌ಬುಕ್ ಬರೆಯುವಾಗ ಒಂದು ಸೊನ್ನೆ ಬಿಟ್ಟವರು ‘ಕೇರ್‌ಲೆಸ್’. ತಪ್ಪು ತೋರಿಸಿದರೂ ತಿದ್ದದವರು ‘ಡೋಂಟ್ ಕೇರ್’.

‘ಟೇಕ್ ಕೇರ್’: ಹುಷಾರು, ಆರೋಗ್ಯ ನೋಡಿಕೋ. ಊರಿಗೆ ಹೊರಟ ಮಗಳಿಗೆ “ಉಸಾರಾಗಿ ಓಗವ್ವ” ಎನ್ನುತ್ತೇವಲ್ಲ, ಅದೇ.

5. ನಮ್ಮ ಕನ್ನಡದಲ್ಲೇ ಎಷ್ಟೊಂದು ಮಾತುಗಳು!

ಅಸಡ್ಡೆಗೆ ಹೆಸರು ಕೊಡಲು ನಾವು ಇಂಗ್ಲಿಷಿನ ಬಾಗಿಲಿಗೆ ಹೋಗಬೇಕಾಗಿಲ್ಲ. ಇವನ್ನು ನೋಡಿ.

ಸೊಪ್ಪು ಹಾಕಲಿಲ್ಲ – ಬೆದರಿಕೆಗೆ, ಬಾಯಿಮಾತಿಗೆ ಬಗ್ಗಲಿಲ್ಲ.
ಕಿವಿಗೆ ಹಾಕಿಕೊಳ್ಳಲಿಲ್ಲ – ಕೇಳಿಯೂ ಕೇಳದ ಹಾಗೆ ಇದ್ದರು.
ತಲೆ ಕೆಡಿಸಿಕೊಳ್ಳಲಿಲ್ಲ – ಚಿಂತೆ ಹಚ್ಚಿಕೊಳ್ಳಲಿಲ್ಲ.
ಮೂರು ಕಾಸಿನ ಬೆಲೆ ಕೊಡಲಿಲ್ಲ – ಹೀನಾಯವಾಗಿ ಕಂಡರು.
ಎಮ್ಮೆ ಮೇಲೆ ಮಳೆ ಸುರಿದ ಹಾಗೆ – ಎಷ್ಟು ಹೇಳಿದರೂ ತಟ್ಟಲಿಲ್ಲ.
ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ – ಹೇಳಿದ್ದು ತಲೆಗೇ ಹೋಗಲಿಲ್ಲ.
ಊರ ಉಸಾಬರಿ ನಮಗ್ಯಾಕೆ – ಬೇರೆಯವರ ಕಷ್ಟಕ್ಕೆ ತಲೆ ಹಾಕುವುದು ಬೇಡ.

ಗಮನಿಸಿ ನೋಡಿದರೆ ಈ ಮಾತುಗಳೆಲ್ಲ ಒಂದೇ ಜಾತಿಯವಲ್ಲ. ‘ಬೆದರಿಕೆಗೆ ಸೊಪ್ಪು ಹಾಕಲಿಲ್ಲ’ ಎಂದರೆ ಹೊಗಳಿಕೆ. ‘ಎಮ್ಮೆ ಮೇಲೆ ಮಳೆ’ ಎಂದರೆ ಬೈಗುಳ. ಇಂಗ್ಲಿಷಿನ ‘ಡೋಂಟ್ ಕೇರ್’ ಒಂದೇ ಮಾತಿನಲ್ಲಿ ಈ ಎರಡನ್ನೂ ಹೊತ್ತುಕೊಂಡಿದೆ. ಹಾಗಾಗಿ ಆ ಮಾತು ಕೇಳಿದಾಗ ನಾವು ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿದ್ದು ಜನರ ಮಾತನ್ನೋ, ಜನರನ್ನೋ?

6. ಮೊದಲ ಮುಖ: ಜನರ ಮಾತನ್ನು ಲೆಕ್ಕಿಸದಿರುವುದು

ಕರ್ನಾಟಕದಲ್ಲಿ ಸ್ತ್ರೀ ಶಕ್ತಿ ಯೋಜನೆ 2000ನೇ ಇಸವಿಯಲ್ಲಿ ಶುರುವಾಯಿತು. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲೇ ಆರಂಭಿಸಿತ್ತು. ಹೆಂಗಸರು ಸಂಜೆ ಹೊತ್ತು ಒಂದು ಕಡೆ ಸೇರಿ, ಹತ್ತು ಹತ್ತು ರೂಪಾಯಿ ಹಾಕಿ, ತಾವೇ ಲೆಕ್ಕ ಬರೆದು, ಬ್ಯಾಂಕಿಗೆ ಹೋಗಿ ಬರುವುದು ಊರಿಗೆ ಹೊಸದು. “ಸಂಘ ಅಂತೆ ಸಂಘ, ಮನೆ ಕೆಲಸ ಬುಟ್ಟು ಮಾತಾಡಕ್ಕೆ ಒಂದು ನೆಪ” ಎಂಬಂಥ ಮಾತುಗಳು ಯಾವ ಊರಲ್ಲಿ ಕೇಳಲಿಲ್ಲ? ಆ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡಿದ್ದರೆ ಇವತ್ತು ಸಂಘಗಳೇ ಇರುತ್ತಿರಲಿಲ್ಲ. “ಜನ ಅಂದ್ರೆ ಅಂದ್ಕೊಳ್ಳಲಿ ಕಣಕ್ಕ, ನೀನು ಬಾ” ಎಂದು ಒಬ್ಬರನ್ನೊಬ್ಬರು ಕರೆದುಕೊಂಡು ಬಂದಿದ್ದರಿಂದಲೇ ಸಂಘ ನಿಂತಿತು. ಇದು ಒಳ್ಳೆಯ ‘ಡೋಂಟ್ ಕೇರ್’.

ಇಂಥದಕ್ಕೆ ನಮ್ಮ ಮದ್ದೂರಿನಲ್ಲೇ ದೊಡ್ಡ ಉದಾಹರಣೆ ಇದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ರಾಷ್ಟ್ರಧ್ವಜ ಹಾರಿಸಬಾರದು ಎಂದು ಅಧಿಕಾರಿಗಳು ನಿಷೇಧದ ಆಜ್ಞೆ ಹೊರಡಿಸಿದ್ದರು. ಹಳ್ಳಿ ಹಳ್ಳಿಯಿಂದ ಬಂದ ರೈತಾಪಿ ಜನ ಆ ಆಜ್ಞೆಗೆ ಸೊಪ್ಪು ಹಾಕಲಿಲ್ಲ. ಧ್ವಜ ಹಾರಿಯೇ ಹಾರಿತು, ನಾಯಕರು ಬಂಧನಕ್ಕೂ ಸಿದ್ಧರಾದರು. ಮದ್ದೂರಿನ ಶಿವಪುರದ ಸತ್ಯಾಗ್ರಹ ಸೌಧ ಅದರ ನೆನಪಿಗೇ ಕಟ್ಟಿದ್ದು. ಮಕ್ಕಳನ್ನು ಕರೆದುಕೊಂಡು ಒಮ್ಮೆ ಒಳಗೆ ಹೋಗಿ ನೋಡಿ. ‘ದೇ ಡಿಡಂಟ್ ಕೇರ್ ಅಬೌಟ್ ದ ಆರ್ಡರ್’, ಆಜ್ಞೆಯನ್ನು ಅವರು ಲೆಕ್ಕಿಸಲಿಲ್ಲ. ಯಾಕೆಂದರೆ ‘ದೇ ಕೇರ್ಡ್ ಅಬೌಟ್ ದ ಕಂಟ್ರಿ’, ಅವರಿಗೆ ದೇಶದ ಕಾಳಜಿ ಇತ್ತು.

ಒಳ್ಳೆಯ ‘ಡೋಂಟ್ ಕೇರ್’ನ ಹಿಂದೆ ಯಾವಾಗಲೂ ಹೀಗೆ ಒಂದು ‘ಕೇರ್’ ಇರುತ್ತದೆ. ಮಗಳ ಓದಿನ ಕಾಳಜಿ ಇರುವ ತಾಯಿ, “ಇಷ್ಟು ವಯಸ್ಸಾದ್ರೂ ಮದುವೆ ಮಾಡಿಲ್ವಲ್ಲ” ಎನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

7. ಎರಡನೆಯ ಮುಖ: ಜನರನ್ನೇ ಲೆಕ್ಕಿಸದಿರುವುದು

ಈಗ ಕಷ್ಟದ ಭಾಗಕ್ಕೆ ಬರೋಣ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆ ಮತ್ತು ಹೆಣ್ಣು ಭ್ರೂಣ ಹತ್ಯೆಯ ಒಂದು ಜಾಲವನ್ನು ಹಿಡಿದರು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡಲು ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಗಗಳಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೂ ಇತ್ತು ಎಂಬುದು ಹೊರಬಿತ್ತು. ಮುಂದೆ ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಬೆಲ್ಲ ಬೇಯಿಸುವ ಜಾಗ! ಹಸುಗೂಸಿನ ಬಾಯಿಗೆ ಇಡುವ ಸಿಹಿ ತಯಾರಾಗುವ ಮನೆ! 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 939 ಮಾತ್ರ. ರಾಜ್ಯದ ಲೆಕ್ಕ 948 ಇತ್ತು, ನಾವು ಅದಕ್ಕಿಂತ ಕೆಳಗೆ.

ಇಂಥ ಕೆಲಸ ಒಬ್ಬರಿಂದ ಆಗುವುದಿಲ್ಲ. ಮಾಡುವವರು ಕೆಲವರು, ಕರೆದುಕೊಂಡು ಹೋಗುವವರು ಕೆಲವರು. ಸುಳಿವು ಸಿಕ್ಕಿಯೂ ‘ಅವರ ಮನೆ ವಿಷಯ, ನಮಗೇನು’ ಎಂದು ಸುಮ್ಮನಾಗುವವರು ಇದ್ದರೆ ಅದು ಇನ್ನೂ ಸುಲಭ. 1994ರ ಕಾನೂನಿನ ಪ್ರಕಾರ ಭ್ರೂಣಲಿಂಗ ಪತ್ತೆ ಮಾಡುವುದೂ ಅಪರಾಧ, ಮಾಡಿಸುವುದೂ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು ಆಗಬಹುದು. ಆದರೆ ಬಸುರಿ ಹೆಂಗಸನ್ನು ಗಂಡನೋ ಮನೆಯವರೋ ಬಲವಂತ ಮಾಡಿದರು ಎಂದೇ ಕಾನೂನು ಮೊದಲು ತಿಳಿಯುತ್ತದೆ. ಬೇರೆ ರೀತಿ ಇದ್ದರೆ ಅದನ್ನು ಸಾಬೀತು ಮಾಡಬೇಕು. ಆದ್ದರಿಂದ ಸೊಸೆ ಹೆದರಬೇಕಾಗಿಲ್ಲ. ಸುಳಿವು ಸಿಕ್ಕವರು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅಥವಾ ಪೊಲೀಸರಿಗೆ ತಿಳಿಸಬೇಕು.

‘ನಮಗೇನು’ ಎಂದು ನಾವು ಸುಮ್ಮನಾಗುವುದು ಹಲವು ಸಲ ಕಲ್ಲು ಮನಸ್ಸಿನಿಂದಲ್ಲ, ಭಯದಿಂದ. “ನಾಳೆ ಕೋರ್ಟು ಕಚೇರಿ ಅಂತ ಅಲೀಬೇಕಾಯ್ತದೆ” ಎಂಬ ಭಯ. ಆ ಭಯ ಬಿಡಿಸುವ ಮೂರು ಕಾನೂನುಗಳನ್ನು ತಿಳಿದುಕೊಳ್ಳಿ.

ಪಕ್ಕದ ಮನೆಯ ಹೊಡೆತ: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನಿನಲ್ಲಿ, ಒಬ್ಬ ಹೆಣ್ಣುಮಗಳಿಗೆ ಮನೆಯಲ್ಲಿ ಹಿಂಸೆ ಆಗುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ನೆಂಟರೇ ಆಗಬೇಕೆಂದಿಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಓ ಅವರೇ ರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ರಸ್ತೆಯಲ್ಲಿ ಬಿದ್ದವರು: ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು, ಮಂಡ್ಯ ತಾಲ್ಲೂಕುಗಳ ಮೂಲಕವೇ ಹೋಗುತ್ತದೆ. ಅಪಘಾತವಾದಾಗ ಫೋಟೋ ತೆಗೆಯುವವರು ಹತ್ತು ಜನ, ಎತ್ತುವವರು ಒಬ್ಬರೋ ಇಬ್ಬರೋ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾನೂನು, ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಬರದಂತೆ ರಕ್ಷಣೆ ಕೊಡುತ್ತದೆ. ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತ ಇಲ್ಲ. ಅಂಥವರನ್ನು ಕಾನೂನು ಕರೆಯುವುದೇ ‘ಗುಡ್ ಸಮಾರಿಟನ್’ ಎಂದು. ದಾರಿಯಲ್ಲಿ ಬಿದ್ದವನನ್ನು ಇಬ್ಬರು ನೋಡಿಯೂ ನೋಡದಂತೆ ಹೋದ ಮೇಲೆ, ಬೇರೆ ಜನಾಂಗದವನಾದ ಸಮಾರ್ಯದವನು ಎತ್ತಿ ಆರೈಕೆ ಮಾಡಿದ ಕಥೆಯಿಂದ ಬಂದ ಹೆಸರು ಅದು. ಆಂಬುಲೆನ್ಸ್‌ಗೆ 108 ಒತ್ತಿ.

ಸಾಲದ ಕಾಟ: ಕಂತು ಕಟ್ಟಲಾಗದ ಮನೆಯ ಮುಂದೆ ವಸೂಲಿಯವರು ಕೂತು ಕೂಗಾಡುವಾಗ ಬಾಗಿಲು ಹಾಕಿಕೊಂಡು ಒಳಗಿರುವುದು ನಮಗೆ ಅಭ್ಯಾಸವಾಗಿದೆ. ಇಂಥ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಬೆದರಿಸಿ, ಅವಮಾನ ಮಾಡಿ ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿ ಹೇಳಿದೆ. ಪಡೆದ ಸಾಲವನ್ನು ತೀರಿಸುವುದು ನಮ್ಮ ಜವಾಬ್ದಾರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲಕ್ಕಾಗಿ ಒಬ್ಬಳ ಮಾನ ಕಳೆಯುವ ಅಧಿಕಾರ ಯಾರಿಗೂ ಇಲ್ಲ. ಆ ಹೊತ್ತಿನಲ್ಲಿ ಸಂಘದ ನಾಲ್ಕು ಜನ ಹೋಗಿ ಅವಳ ಪಕ್ಕದಲ್ಲಿ ಸುಮ್ಮನೆ ನಿಂತರೂ ಸಾಕು, ಕೂಗುವವರ ದನಿ ತಗ್ಗುತ್ತದೆ. ಠಾಣೆಗೆ ದೂರು ಕೊಡಲೂ ಜೊತೆಗೆ ಹೋಗಿ.

8. ಮಕ್ಕಳು ‘ಐ ಡೋಂಟ್ ಕೇರ್’ ಅಂದರೆ?

“ಊಟ ಆರೋಯ್ತದೆ ಬಾ ಮಗ” ಎಂದರೆ ಮೊಬೈಲ್ ಹಿಡಿದ ಮಗ ‘ಐ ಡೋಂಟ್ ಕೇರ್’ ಅನ್ನುತ್ತಾನೆ. ಕೆನ್ನೆಗೆ ಬಾರಿಸುವ ಮೊದಲು ಸ್ವಲ್ಪ ನಿಲ್ಲಿ. ಎಷ್ಟೋ ಸಲ ಮಗುವಿಗೆ ಆ ಮಾತಿನ ಭಾರ ಗೊತ್ತಿರುವುದಿಲ್ಲ, ಕೇಳಿದ್ದನ್ನು ಹೇಳುತ್ತದೆ. ಆಗ ಅಮ್ಮ ಹೀಗೆ ಹೇಳಬಹುದು: ‘ಬಟ್ ಐ ಕೇರ್.’ ಆದರೆ ನನಗೆ ಕಾಳಜಿ ಇದೆ. ಮೂರೇ ಮೂರು ಪದ. ತನ್ನದೇ ಇಂಗ್ಲಿಷಿನಲ್ಲಿ ಅಮ್ಮ ಉತ್ತರ ಕೊಟ್ಟಳಲ್ಲ ಎಂದು ಮಗು ತಲೆ ಎತ್ತಿ ನೋಡುತ್ತದೆ.

ಆದರೆ ಪರೀಕ್ಷೆಯಲ್ಲಿ ಫೇಲಾದ ಮಗಳು, ಸ್ನೇಹಿತರು ಬಿಟ್ಟುಹೋದ ಮಗ ಪದೇ ಪದೇ ‘ಐ ಡೋಂಟ್ ಕೇರ್’, ‘ಹೂ ಕೇರ್ಸ್’ ಎನ್ನುತ್ತಿದ್ದರೆ, ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಸೇರಿದ್ದರೆ, ಅದು ಅಸಡ್ಡೆ ಅಲ್ಲ, ನೋವು. ‘ನನಗೆ ಏನೂ ಅನ್ನಿಸುವುದಿಲ್ಲ’ ಎನ್ನುವವರಿಗೇ ಕೆಲವು ಸಲ ಬಹಳ ಅನ್ನಿಸಿರುತ್ತದೆ. ಆಗ ಬೈಯಬೇಡಿ, ಹತ್ತಿರ ಕೂತುಕೊಳ್ಳಿ. ಮಾತಾಡಿಸಲು ಆಗದಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ. ಇದು ಸರ್ಕಾರದ್ದು, ಉಚಿತ. ಕನ್ನಡದಲ್ಲೂ ಮಾತಾಡುತ್ತಾರೆ.

ಅಭ್ಯಾಸ

ಅ) ಇಂಗ್ಲಿಷಿನಲ್ಲಿ ಹೇಳಿ.
1. ನಮಗೆ ಚಾಡಿ ಮಾತಿನ ಚಿಂತೆ ಇಲ್ಲ.
2. ಅವಳಿಗೆ ತನ್ನ ಆರೋಗ್ಯದ ಚಿಂತೆ ಇಲ್ಲ.
3. ಟೀ ಆದರೂ ಸರಿ, ಕಾಫಿ ಆದರೂ ಸರಿ.
4. ಅವರು ಆಜ್ಞೆಯನ್ನು ಲೆಕ್ಕಿಸಲಿಲ್ಲ.
5. ನನಗೆ ನಿನ್ನ ಬಗ್ಗೆ ಕಾಳಜಿ ಇದೆ.

ಆ) ‘ಕೇರ್‌ಲೆಸ್’ ಅಥವಾ ‘ಡೋಂಟ್ ಕೇರ್’ – ಯಾವುದು?
6. ಗ್ಯಾಸ್ ಒಲೆ ಆರಿಸಲು ಮರೆತು ಹೊಲಕ್ಕೆ ಹೋದರು.
7. ಸಂಘದ ಸದಸ್ಯೆ ಆಸ್ಪತ್ರೆಯಲ್ಲಿದ್ದಾರೆ ಎಂದರೂ ಯಾರೂ ನೋಡಲು ಹೋಗಲಿಲ್ಲ.
8. ಕಂತಿನ ರಸೀದಿಯನ್ನು ಎಲ್ಲೋ ಇಟ್ಟು ಮರೆತರು.

ಉತ್ತರಗಳು: 1. ವಿ ಡೋಂಟ್ ಕೇರ್ ಅಬೌಟ್ ಗಾಸಿಪ್. 2. ಷಿ ಡಸಂಟ್ ಕೇರ್ ಅಬೌಟ್ ಹರ್ ಹೆಲ್ತ್. 3. ಐ ಡೋಂಟ್ ಮೈಂಡ್. 4. ದೇ ಡಿಡಂಟ್ ಕೇರ್ ಅಬೌಟ್ ದ ಆರ್ಡರ್. 5. ಐ ಕೇರ್ ಅಬೌಟ್ ಯು. 6. ಕೇರ್‌ಲೆಸ್. 7. ಡೋಂಟ್ ಕೇರ್. 8. ಕೇರ್‌ಲೆಸ್.

ಸಂಘದಲ್ಲಿ ಚರ್ಚಿಸಿ

1. ಸಂಘಕ್ಕೆ ಸೇರಿದ ಹೊಸದರಲ್ಲಿ ನಿಮಗೆ ಯಾರು ಏನಂದರು? ಆಗ ನೀವು ಏನು ಮಾಡಿದಿರಿ?
2. ನಮ್ಮ ಬೀದಿಯಲ್ಲಿ ‘ನಮಗ್ಯಾಕೆ’ ಎಂದು ನಾವೆಲ್ಲ ಬಿಟ್ಟಿರುವ ವಿಷಯ ಯಾವುದು? ಕುಡಿಯುವ ನೀರೇ, ಶಾಲೆ ಬಿಟ್ಟ ಮಗುವೇ, ಒಂಟಿಯಾಗಿರುವ ಅಜ್ಜಿಯೇ?
3. ಎರಡು ಮೂರು ವಾರದಿಂದ ಸಭೆಗೆ ಬಾರದ ಸದಸ್ಯೆ ಯಾರಿದ್ದಾರೆ? ದಂಡ ಬರೆಯುವ ಮೊದಲು ಅವರ ಮನೆಗೆ ಯಾರು ಹೋಗಿ ಬರುತ್ತೀರಿ?

ಮುಂದಿನ ಸಭೆಗೆ ಕೆಲಸ: ಪ್ರತಿಯೊಬ್ಬರೂ ‘ಐ ಡೋಂಟ್ ಕೇರ್ ಅಬೌಟ್…’ ಎಂದು ಒಂದು ವಾಕ್ಯ, ‘ಐ ಕೇರ್ ಅಬೌಟ್…’ ಎಂದು ಒಂದು ವಾಕ್ಯ ಮಾಡಿಕೊಂಡು ಬನ್ನಿ. ಮೊದಲನೆಯದರಲ್ಲಿ ನೀವು ಲೆಕ್ಕಿಸಬಾರದ ಮಾತು ಇರಲಿ, ಎರಡನೆಯದರಲ್ಲಿ ಒಬ್ಬರ ಹೆಸರು ಇರಲಿ. ಮೂರನೆಯ ಪ್ರಶ್ನೆಗೆ ಬಂದ ಉತ್ತರವನ್ನು ಮಾತ್ರ ಕಾರ್ಯದರ್ಶಿಯವರು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ.